ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ ಮೊದಲನೇ ಎರರ್ ಹುಡುಕಿ

ಉಬುಂಟು ಲ್ಯಾಪ್‌ಟಾಪ್‌ನಲ್ಲಿ 300ಕ್ಕೂ ಜಾಸ್ತಿ ಪ್ಯಾಕೇಜ್ ಒಟ್ಟಿಗೆ ಅಪ್‌ಗ್ರೇಡ್‌ಗೆ ಹಾಕಿದಿರಿ, ಅರ್ಧಕ್ಕೆ ನಿಂತಿತು, ಕೊನೆಯಲ್ಲಿ ಹತ್ತಾರು ಹೆಸರು ತೋರಿಸಿ ಎರರ್ ಅನ್ನುತ್ತಿದೆ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾ ಅಂತ ಕೇಳಿದ್ದೀರಿ. ಬೇಡ.

ಹೆಬ್ಬಾಳ ಫ್ಲೈಓವರ್ ಮೇಲೆ ಒಂದು ಬಸ್ ಕೆಟ್ಟು ನಿಂತರೆ ಮೇಖ್ರಿ ಸರ್ಕಲ್ ತನಕ ಗಾಡಿ ನಿಲ್ಲುತ್ತವೆ. ಹಿಂದೆ ನಿಂತವರದ್ದೇನು ತಪ್ಪು? ಕೊನೆಯಲ್ಲಿ ಬರುವ ಆ ಪಟ್ಟಿಯೂ ಬಹುಪಾಲು ಹಿಂದೆ ನಿಂತ ಗಾಡಿಗಳೇ. ನಾನು ಒಮ್ಮೆ ವಿಜಯನಗರದ ಮನೆಯಲ್ಲಿ ಕೂತು ಪಟ್ಟಿಯಲ್ಲಿದ್ದ ಒಂದೊಂದನ್ನೂ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಿ ರಾತ್ರಿ ಎರಡು ಗಂಟೆ ಮಾಡಿದೆ. ಕಾರಣ ತುಂಬಾ ಮೇಲೆ, ಒಂದೇ ಸಾಲಿನಲ್ಲಿತ್ತು: ಡಿಸ್ಕ್‌ನಲ್ಲಿ ಜಾಗವಿಲ್ಲ.

ಟರ್ಮಿನಲ್ ಮುಚ್ಚಿಬಿಟ್ಟಿದ್ದರೂ ಚಿಂತೆಯಿಲ್ಲ. ಸಿಸ್ಟಮ್ ಲಾಗ್‌ಗಳ ಜಾಗದಲ್ಲಿ ಆಪ್ಟ್ (ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ) ಅನ್ನೋ ಹೆಸರಿನ ಫೋಲ್ಡರ್ ಇದೆ, ಅದರೊಳಗಿನ ಟರ್ಮ್ ಲಾಗ್‌ನಲ್ಲಿ ಎಲ್ಲವೂ ಉಳಿದಿರುತ್ತದೆ. ಅಲ್ಲಿ ಮೊದಲ ಎರರ್ ಹುಡುಕಿ.

ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ ನನ್ನ ಅನುಮಾನ ಬೂಟ್ ಪಾರ್ಟಿಷನ್, ಅಂದರೆ ಸಿಸ್ಟಮ್ ಶುರುವಾಗಲು ಬೇಕಾದ ಫೈಲುಗಳಿರುವ ಡಿಸ್ಕ್ ಭಾಗದ ಮೇಲೆಯೇ. ಅದು ಬೇರೆಯಾಗಿ, ಚಿಕ್ಕದಾಗಿರುತ್ತದೆ. ಹಳೆಯ ಕರ್ನಲ್‌ಗಳು (ಸಿಸ್ಟಮ್‌ನ ತಿರುಳು) ಸೇರಿ ತುಂಬಿಕೊಂಡಾಗ ಹೊಸದರ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲಿಗೇ ಬೇಕಾಗುವ ಫೈಲು) ಬರೆಯಲು ಜಾಗ ಸಾಲದೆ ಅದರ ಕಾನ್ಫಿಗರ್ ನಿಲ್ಲುತ್ತದೆ. ಎಷ್ಟು ಜಾಗ ಉಳಿದಿದೆ ಅಂತ ಡಿಎಫ್ ಕಮಾಂಡ್‌ನಲ್ಲಿ ನೋಡಿ. ತುಂಬಿದ್ದರೆ, ಬೇಡವಾದ ಹಳೆಯ ಪ್ಯಾಕೇಜ್ ತೆಗೆಯುವ ಆಪ್ಟ್ ಆಟೋರಿಮೂವ್ ಹಾಕಿ. ಈ ಸ್ಥಿತಿಯಲ್ಲಿ ಕೆಲವೊಮ್ಮೆ ಅದೂ ಮೊಂಡು ಹಿಡಿಯುತ್ತದೆ. ಆಗ ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿಯ ಪರ್ಜ್‌ನಲ್ಲಿ ಹಳೆಯ ಒಂದು ಲಿನಕ್ಸ್ ಇಮೇಜನ್ನು (ಕರ್ನಲ್‌ನ ಪ್ಯಾಕೇಜ್), ಅದೇ ಆವೃತ್ತಿಯ ಮಾಡ್ಯೂಲ್ಸ್ ಎಕ್ಸ್‌ಟ್ರಾ ಪ್ಯಾಕೇಜ್ ಇದ್ದರೆ ಅದರ ಜೊತೆಗೇ, ತೆಗೆಯಿರಿ. ಅದಕ್ಕೂ ಮೊದಲು ಯುನೇಮ್‌ನ ಆರ್ ಆಯ್ಕೆ ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದು ನೋಡಿಕೊಳ್ಳಿ. ಅದಕ್ಕೆ ಮಾತ್ರ ಕೈ ಹಾಕಬೇಡಿ! ಬೂಟ್‌ನೊಳಗಿನ ಫೈಲುಗಳನ್ನು ಸುಮ್ನೆ ಡಿಲೀಟ್ ಮಾಡುವುದೂ ಬೇಡ.

ಜಾಗವಾದ ಮೇಲೆ ಡಿಪಿಕೆಜಿ ಕಾನ್ಫಿಗರ್, ಎ ಆಯ್ಕೆಯೊಂದಿಗೆ. ಬಿಚ್ಚಿಟ್ಟು ಕಾನ್ಫಿಗರ್ ಆಗದೆ ಉಳಿದವೆಲ್ಲ ಅಲ್ಲಿಂದಲೇ ಮುಂದುವರಿಯುತ್ತವೆ. ಆಮೇಲೆ ಆಪ್ಟ್‌ನ ಫಿಕ್ಸ್ ಬ್ರೋಕನ್, ಕೊನೆಗೆ ಮತ್ತೆ ಅಪ್‌ಗ್ರೇಡ್.

ಮಧ್ಯೆ ಲಾಕ್ ಇದೆ ಅಂತ ಬಂದರೆ ಲಾಕ್ ಫೈಲ್ ಅಳಿಸಿ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತದೆ. ಕೇಳಬೇಡಿ. ಸಾಮಾನ್ಯವಾಗಿ ಹಿನ್ನೆಲೆಯಲ್ಲಿ ತಾನಾಗಿ ಅಪ್‌ಡೇಟ್ ಓಡುತ್ತಿರುತ್ತದೆ, ಕಾಫಿ ಕುಡಿದು ಬನ್ನಿ.

ಎಲ್ಲ ಮುಗಿದ ಮೇಲೂ ನಾಲ್ಕೈದು ಪ್ಯಾಕೇಜ್ ಕೆಪ್ಟ್ ಬ್ಯಾಕ್ (ಸದ್ಯಕ್ಕೆ ತಡೆದಿಟ್ಟಿದೆ) ಅಂತ ಉಳಿದರೆ ಗಾಬರಿಯಾಗಬೇಡಿ. ಕೆಲವು ಅಪ್‌ಡೇಟ್‌ಗಳನ್ನು ಉಬುಂಟು ಕಂತಿನಲ್ಲಿ ಬಿಡುತ್ತದೆ, 21.04ರಿಂದ ಆಪ್ಟ್ ಕೂಡ ಅದನ್ನು ಪಾಲಿಸುತ್ತದೆ. ಹೆಚ್ಚಾಗಿ ನಿಮ್ಮ ಸರದಿ ಇನ್ನೂ ಬಂದಿಲ್ಲ ಅಷ್ಟೇ.

ಲಾಗ್‌ನ ಮೊದಲ ಎರರ್ ಬೇರೇನೋ ಇದ್ದರೆ ಆ ಸಾಲನ್ನು ಇಲ್ಲಿ ಹಾಕಿ, ನೋಡೋಣ.