ಪತ್ರಿಕೆ ಮುಳುಗಿತು, ಮಾಲೀಕ ತೇಲಿದ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಆಸ್ಟ್ರೇಲಿಯಾದ ಹೆನ್ರಿ ಪಾರ್ಕ್ಸ್ ಐದು ಸಲ ಪ್ರಧಾನಿಯಾದ ಎಂದು ಹೋದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಕೈಯಲ್ಲಿ ಸ್ವಂತ ಪತ್ರಿಕೆ ಇದ್ದವನಿಗೆ ಗೆಲ್ಲುವುದೇನು ಮಹಾ?’

ಮಾನ್ಯರೇ,

ಮೊದಲು ಒಂದು ತಿದ್ದುಪಡಿ: ಪಾರ್ಕ್ಸ್ ಆಳಿದ್ದು ಇಡೀ ಆಸ್ಟ್ರೇಲಿಯಾವನ್ನಲ್ಲ, ನ್ಯೂ ಸೌತ್ ವೇಲ್ಸ್ ಎಂಬ ಒಂದು ವಸಾಹತನ್ನು. ಇನ್ನು ಪತ್ರಿಕೆಯ ಮಾತು. ಅದು ಆತನಿಗೆ ಶಾಸನ ಸಭೆಯ ಕುರ್ಚಿ ಕೊಡಿಸಿದ್ದು ನಿಜ, ಮನೆ ತೊಳೆದದ್ದೂ ಅದೇ.

1839ರಲ್ಲಿ ಇಂಗ್ಲೆಂಡಿನಿಂದ ಸಿಡ್ನಿಗೆ ಬಂದಿಳಿದಾಗ 24ರ ಹರೆಯದ ಪಾರ್ಕ್ಸ್ ಜೊತೆ ಹೆಂಡತಿಯೂ ಹಡಗಿನಲ್ಲೇ ಹುಟ್ಟಿದ ಹಸುಗೂಸೂ ಇದ್ದರು. ಜಮೀನಿನಲ್ಲಿ ಕೂಲಿ ಮಾಡಿದ, ಆಮೇಲೆ ದಂತದ ಕುಸುರಿ ಸಾಮಾನಿನ ಅಂಗಡಿ ಇಟ್ಟ. 1850ರ ಡಿಸೆಂಬರಿನಲ್ಲಿ ಆತನ ಪತ್ರಿಕೆ ‘ಎಂಪೈರ್’ ಶುರುವಾಯಿತು. ವೆಂಟ್‌ವರ್ತ್ ಎಂಬ ಹಿರಿಯ ಮುಖಂಡ ವಂಶಪಾರಂಪರ್ಯ ಪದವಿಗಳುಳ್ಳ ಮೇಲ್ಮನೆ ಬೇಕೆಂದಾಗ ಪತ್ರಿಕೆ ಆತನ ಬೆನ್ನು ಬಿದ್ದಿತು. 1854ರಲ್ಲಿ ವೆಂಟ್‌ವರ್ತ್ ತೆರವು ಮಾಡಿದ ಸ್ಥಾನಕ್ಕೇ ಪಾರ್ಕ್ಸ್ ಆಯ್ಕೆಯಾದ.

ಅಷ್ಟರಲ್ಲಿ 1851ರಲ್ಲಿ ಚಿನ್ನ ಸಿಕ್ಕಿತ್ತು. ಊರಿಗೆ ಊರೇ ಗಣಿಯ ಕಡೆ ಓಡಿತು, ಉಳಿದವರ ಕೂಲಿ ಗಗನಕ್ಕೇರಿತು. ಮೊಳೆ ಜೋಡಿಸುವ ಕೈ ಇಲ್ಲದಿದ್ದರೆ ಸಂಪಾದಕೀಯ ಎಷ್ಟು ಖಾರವಾಗಿದ್ದರೇನು? ನಮ್ಮ ಹಳೆಯ ಪ್ರೆಸ್ಸಿನವರನ್ನು ಕೇಳಿ ನೋಡಿ. ಪಾರ್ಕ್ಸ್ ನಮ್ಮ ಮದರಾಸಿನಿಂದ ಯುರೇಷಿಯನ್ (ಯುರೋಪಿಯನ್–ಭಾರತೀಯ ಬೆರಕೆಯ) ಕಂಪಾಸಿಟರುಗಳನ್ನು ತರಿಸಿಕೊಂಡ. ಅಂದರೆ ಸಿಡ್ನಿಯ ಪ್ರಜಾಪ್ರಭುತ್ವದ ವಾದ ಒಂದಷ್ಟು ಕಾಲ ಮದರಾಸಿನವರ ಬೆರಳಲ್ಲಿ ಅಚ್ಚಾಯಿತು. ಆದರೂ ಲೆಕ್ಕ ಕೂಡಿಬರಲಿಲ್ಲ. ಬರೆಯಲು ಬಲ್ಲವನಿಗೆ ಖಾತೆ ಪುಸ್ತಕ ನೋಡುವ ವ್ಯವಧಾನವಿರಲಿಲ್ಲ ಎಂದೇ ನನ್ನ ಅಂದಾಜು. 1858ರಲ್ಲಿ ಪತ್ರಿಕೆ ನಿಂತಿತು, ಸಾಲ ಸುಮಾರು 50,000 ಪೌಂಡ್.

1870ರಲ್ಲಿ ಮತ್ತೆ ದಿವಾಳಿ, ಸದಸ್ಯತ್ವಕ್ಕೆ ರಾಜೀನಾಮೆ. ಎರಡೇ ವರ್ಷದಲ್ಲಿ, 1872ರಲ್ಲಿ, ಮೊದಲ ಸಲ ಪ್ರಧಾನಿ! ಗಮನಿಸಿ, ಆ ಐದೂ ಸಲ ಕೈಯಲ್ಲಿ ‘ಎಂಪೈರ್’ ಇರಲಿಲ್ಲ. ಉಳಿದಿದ್ದು ನಾಲಿಗೆ. 1889ರಲ್ಲಿ ಟೆಂಟರ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ, ವಸಾಹತುಗಳೆಲ್ಲ ಒಂದಾಗಬೇಕೆಂದು ಆತ ಮಾಡಿದ ಭಾಷಣ ಇಂದಿಗೂ ಅಲ್ಲಿನವರ ನೆನಪಿನಲ್ಲಿದೆ. ಒಕ್ಕೂಟವಾದದ್ದು 1901ರಲ್ಲಿ. ಪಾರ್ಕ್ಸ್ 1896ರಲ್ಲೇ ತೀರಿಕೊಂಡಿದ್ದ.

ಹೊಗಳಿಕೆ ಎಂದಿರಲ್ಲ, ಇದನ್ನೂ ಸೇರಿಸಿಕೊಳ್ಳಿ: ತನ್ನ ಪ್ರೆಸ್ಸಿಗೆ ಮದರಾಸಿನಿಂದ ಆಳು ತರಿಸಿದ ಇದೇ ಮನುಷ್ಯ, 1888ರಲ್ಲಿ ‘ಅಫ್ಘಾನ್’ ಎಂಬ ಹಡಗು ಚೀನೀಯರನ್ನು ಹೊತ್ತು ಸಿಡ್ನಿಗೆ ಬಂದಾಗ ಅವರು ದಡಕ್ಕೆ ಕಾಲಿಡದಂತೆ ತಡೆದ.

— ಸಂ.