65 ಸಾವಿರ ಜನಕ್ಕೆ ಸಾವಿರ ಕೋಟಿಯ ಕೇಬಲ್ ಯಾಕೆ?

ಮಂಗಳೂರು ಹಳೇ ಬಂದರಿನ ಹತ್ತಿರ ಅಂಗಡಿ ಇಟ್ಟಿರುವ ಓದುಗರೊಬ್ಬರ ಪತ್ರದ ಸಾರ ಇಷ್ಟು: "ಲಕ್ಷದ್ವೀಪಕ್ಕೆ ನಮ್ಮ ಅಂಗಡಿಯ ಸಾಮಾನೂ ಹೋಗುತ್ತದೆ, ಅಲ್ಲಿನ ಜನರ ಪರಿಚಯವಿದೆ. ಆದರೂ 65 ಸಾವಿರ ಜನಕ್ಕೆ ಸಾವಿರ ಕೋಟಿ ಸುರಿದು ಕಡಲಿನಡಿ ಇಂಟರ್ನೆಟ್ ಕೇಬಲ್ ಹಾಕಬೇಕಿತ್ತೇ? ಈಗ ಉಪಗ್ರಹದಿಂದಲೇ ನೆಟ್ ಸಿಗುತ್ತದಂತೆ. ಹಾಕುವುದೇ ಆದರೆ ಮಂಗಳೂರಿನಿಂದ ಯಾಕೆ ಹಾಕಲಿಲ್ಲ?"

ನಮಸ್ಕಾರ. ನಿಮ್ಮ ಲೆಕ್ಕ ಸರಿಯಾಗೇ ಇದೆ. ಕೊಚ್ಚಿ–ಲಕ್ಷದ್ವೀಪ ಕೇಬಲ್‌ಗೆ ತಗುಲಿದ್ದು ಸುಮಾರು 1,072 ಕೋಟಿ ರೂಪಾಯಿ. 2011ರ ಜನಗಣತಿಯಂತೆ ಅಲ್ಲಿದ್ದವರು 64,473 ಮಂದಿ. ತಲೆಗೆ ಒಂದೂವರೆ ಲಕ್ಷ ದಾಟುತ್ತದೆ. ಕೇಳಿದರೆ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ಹೀಗೆ ತಲೆ ಎಣಿಸುತ್ತಾ ಕೂತಿದ್ದರೆ ನಮ್ಮ ಮಲೆನಾಡಿನ ಎಷ್ಟೋ ಊರುಗಳಿಗೆ ಕರೆಂಟ್ ಕಂಬವೂ ಬರುತ್ತಿರಲಿಲ್ಲ, ಅಲ್ವಾ?

ಉಪಗ್ರಹ ಸಾಕಲ್ಲ ಅಂದಿರಿ. 2024ರ ಜನವರಿ 3ರಂದು ಕೇಬಲ್ ಉದ್ಘಾಟನೆ ಆಗುವವರೆಗೂ ದ್ವೀಪಗಳು ನಂಬಿದ್ದು ಅದನ್ನೇ. ಎಲ್ಲ ದ್ವೀಪಗಳಿಗೂ ಸೇರಿ ಸಿಗುತ್ತಿದ್ದ ವೇಗ 1.7 ಜಿಬಿಪಿಎಸ್ (1,700 ಎಂಬಿಪಿಎಸ್). ಅಂದರೆ ಎಷ್ಟು? ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ 100 ಎಂಬಿಪಿಎಸ್ ಕನೆಕ್ಷನ್ ಇರುವ 17 ಮನೆಗಳನ್ನು ಲೆಕ್ಕ ಹಾಕಿ. ಅಷ್ಟೇ! ಆ ಹದಿನೇಳು ಮನೆಯ ನೆಟ್ಟನ್ನು ಶಾಲೆ, ಆಸ್ಪತ್ರೆ, ಬ್ಯಾಂಕು, ಕಚೇರಿ, ಜೊತೆಗೆ 65 ಸಾವಿರ ಜನ ಹಂಚಿಕೊಳ್ಳಬೇಕಿತ್ತು. ಮೇಲಾಗಿ ಆ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಈ ಕಡೆಯವರು ಹಲೋ ಅಂದರೆ ಉತ್ತರ ಬರಲು ಅರ್ಧ ಸೆಕೆಂಡ್ ಬೇಕು. ಮಾತಿನ ಮೇಲೆ ಮಾತು ಬೀಳುತ್ತದೆ. ಕೊಚ್ಚಿಯ ಡಾಕ್ಟರು ವಿಡಿಯೋದಲ್ಲಿ ರೋಗಿಯನ್ನು ನೋಡಬೇಕಾದಾಗ ಇದು ಸಣ್ಣ ತೊಂದರೆಯಲ್ಲ. ದ್ವೀಪದಲ್ಲಿ ಕಾಯಿಲೆ ಬಿಗಡಾಯಿಸಿದರೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸಬೇಕು. ಸಾಗಿಸಬೇಕೋ ಬೇಡವೋ ಅನ್ನುವುದನ್ನು ಒಂದು ಸ್ಕ್ಯಾನ್ ಚಿತ್ರ ಕಳಿಸಿ ಕೇಳಿಕೊಳ್ಳುವುದಕ್ಕೂ ನೆಟ್ ಬೇಕು.

ನೀವು ಹೇಳುತ್ತಿರುವುದು ಬಹುಶಃ ಸ್ಟಾರ್‌ಲಿಂಕ್‌ನಂಥ ಹೊಸ ಬಗೆಯ ಉಪಗ್ರಹಗಳ ನೆಟ್. ಅವು ಸುಮಾರು 550 ಕಿ.ಮೀ. ಎತ್ತರದಲ್ಲೇ ಸುತ್ತುತ್ತವೆ, ಹಾಗಾಗಿ ತಡವಿಲ್ಲ. ಒಳ್ಳೆಯದೇ. ಆದರೂ ಒಂದು ಜಾಗದ ಮೇಲೆ ಅವು ಕೊಡುವ ವೇಗಕ್ಕೆ ಮಿತಿ ಇದೆ, ಬಳಸುವವರು ಹೆಚ್ಚಿದಂತೆ ಪಾಲು ಕಡಿಮೆ. ಕೇಬಲ್ ಬಂದ ಮೇಲೆ ಲಕ್ಷದ್ವೀಪದ ವೇಗ 200 ಜಿಬಿಪಿಎಸ್‌ಗೆ ಏರಿತು. ನೂರು ಪಟ್ಟಿಗಿಂತ ಜಾಸ್ತಿ.

ಹಾಗಂತ ಉಪಗ್ರಹ ಬೇಡವೇ ಬೇಡ ಅನ್ನುವವರು ಒಮ್ಮೆ ಟೊಂಗಾ ಕಡೆ ನೋಡಬೇಕು. ಪೆಸಿಫಿಕ್ ಸಾಗರದ ಪುಟ್ಟ ದೇಶ, ಸುಮಾರು ಒಂದು ಲಕ್ಷ ಜನ. ಹೊರಜಗತ್ತಿಗೆ ಇದ್ದದ್ದು ಫಿಜಿಗೆ ಹೋಗುವ 827 ಕಿ.ಮೀ.ನ ಒಂದೇ ಕೇಬಲ್. 2022ರ ಜನವರಿ 15ರಂದು ಕಡಲೊಳಗಿನ ಜ್ವಾಲಾಮುಖಿ ಸಿಡಿಯಿತು, ಕೇಬಲ್ ತುಂಡು ತುಂಡಾಯಿತು. ಸುನಾಮಿ ಬಡಿದ ಊರುಗಳಲ್ಲಿ ಯಾರು ಬದುಕಿದ್ದಾರೆ ಅನ್ನುವುದೇ ವಿದೇಶದಲ್ಲಿದ್ದ ಮಕ್ಕಳಿಗೆ ದಿನಗಟ್ಟಲೆ ತಿಳಿಯಲಿಲ್ಲ. ರಿಪೇರಿ ಹಡಗು ಬರಬೇಕಾದದ್ದು ಪಪುವಾ ನ್ಯೂಗಿನಿಯಿಂದ. ಮುಖ್ಯ ಕೇಬಲ್ ಸರಿಯಾಗಲು ಐದು ವಾರ ಹಿಡಿಯಿತು. ಹೊರಗಿನ ದ್ವೀಪಗಳಿಗೆ ಹೋಗುವ ಒಳಕೇಬಲ್‌ಗೆ ವರ್ಷಕ್ಕೂ ಹೆಚ್ಚು. ಆ ನಡುವೆ ಕೈಹಿಡಿದದ್ದು ಉಪಗ್ರಹವೇ. ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟೇ: ದಿನನಿತ್ಯಕ್ಕೆ ಕೇಬಲ್, ಆಪತ್ತಿಗೆ ಉಪಗ್ರಹ. ಕೇಬಲ್ ಬಂತೆಂದು ಲಕ್ಷದ್ವೀಪದ ಹಳೆಯ ಉಪಗ್ರಹ ಸಲಕರಣೆಯನ್ನು ಮೂಲೆಗೆ ಎಸೆದರೆ ಅದು ತಪ್ಪು.

ಅಷ್ಟಕ್ಕೂ ಆ ಕೇಬಲ್ ಎಷ್ಟು ದಪ್ಪ ಅಂದುಕೊಂಡಿರಿ? ಆಳಸಮುದ್ರದಲ್ಲಿ ತೋಟಕ್ಕೆ ನೀರು ಬಿಡುವ ಪೈಪಿನಷ್ಟು. ನಡುವೆ ಕೂದಲೆಳೆಯಂಥ ಗಾಜಿನ ನಾರುಗಳು, ಸುತ್ತ ಉಕ್ಕಿನ ತಂತಿ, ತಾಮ್ರ, ಮೇಲೆ ಪ್ಲಾಸ್ಟಿಕ್ ಹೊದಿಕೆ. ದಡದ ಹತ್ತಿರ ಮಾತ್ರ ಉಕ್ಕಿನ ಕವಚ ಜಾಸ್ತಿ. ಯಾಕೆಂದರೆ ಕೇಬಲ್‌ಗೆ ದೊಡ್ಡ ಶತ್ರು ಜ್ವಾಲಾಮುಖಿಯಲ್ಲ, ಹಡಗಿನ ಲಂಗರು ಮತ್ತು ಮೀನಿನ ಬಲೆ.

ಒಂದು ವಿಷಯದಲ್ಲಿ ನಿಮ್ಮ ಅನುಮಾನ ನಮಗೂ ಇದೆ. ಕೇಬಲ್ ದಡ ಮುಟ್ಟಿದ ತಕ್ಷಣ ಮನೆ ಮುಟ್ಟಿದ ಹಾಗಲ್ಲ. 2011ರಲ್ಲಿ ಲಕ್ಷದ್ವೀಪದ ಬಿತ್ರಾ ದ್ವೀಪದಲ್ಲಿದ್ದವರು 271 ಜನ. ಅಷ್ಟು ಜನಕ್ಕಾಗಿ ಟವರ್ ನಡೆಸಲು, ಉಪ್ಪುಗಾಳಿಗೆ ತುಕ್ಕು ಹಿಡಿದ ಪೆಟ್ಟಿಗೆ ಬದಲಿಸಲು ಖಾಸಗಿ ಕಂಪನಿಗಳು ಸುಮ್ನೆ ಮುಂದೆ ಬರುವುದಿಲ್ಲ. ಸರ್ಕಾರವೇ ವರ್ಷ ವರ್ಷ ಹಣ ಹಾಕಬೇಕು. ಉದ್ಘಾಟನೆಯ ಫೋಟೋ ಆದಮೇಲೆ ಈ ಖರ್ಚನ್ನು ಕೇಳುವವರು ಕಡಿಮೆ.

ಇನ್ನು ಮಂಗಳೂರಿನಿಂದ ಯಾಕಿಲ್ಲ ಅನ್ನುವ ಪ್ರಶ್ನೆ. ನಿಮ್ಮ ಬೇಸರ ಅರ್ಥವಾಗುತ್ತದೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಇವೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈಗಲೂ ಅಲ್ಲಿಗೆ ಸಿಮೆಂಟು, ತರಕಾರಿ ನಿಮ್ಮ ಬಂದರಿನಿಂದ ಹೋಗುತ್ತದೆ. ಆದರೆ ಪ್ರಪಂಚದ ಕೇಬಲ್‌ಗಳು ಬಂದು ಸೇರುವ ಕೇಂದ್ರ ಇರುವುದು ಕೊಚ್ಚಿಯಲ್ಲಿ, ಮಂಗಳೂರಿನಲ್ಲಲ್ಲ. ದ್ವೀಪದವರ ಹೈಕೋರ್ಟು, ದೊಡ್ಡಾಸ್ಪತ್ರೆ, ಹೆಚ್ಚಿನ ಪ್ರಯಾಣಿಕರ ಹಡಗುಗಳು ಎಲ್ಲವೂ ಆ ಕಡೆಗೇ. ಮುಂದೆ ಎರಡನೇ ಕೇಬಲ್ ಅಂತ ಬಂದರೆ ಅದು ಬೇರೆ ದಾರಿಯಲ್ಲೇ ಬರಬೇಕು, ಒಂದೇ ಲಂಗರಿಗೆ ಎರಡೂ ಸಿಗಬಾರದು ನೋಡಿ. ಆಗ ಮಂಗಳೂರಿನ ಹೆಸರು ಎತ್ತುವುದಕ್ಕೆ ನಿಮಗೂ ನಮಗೂ ಸರಿಯಾದ ಕಾರಣ ಸಿಗುತ್ತದೆ.

– ಸಂ.