ಸಹಿ ಅವರದ್ದು, ಸೆಮಿಸ್ಟರ್ ಯಾರದ್ದು?

ಪ್ರಶ್ನೆ: ನಾನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಈ ಸೆಮಿಸ್ಟರ್ ಮುಗಿದರೆ ಡಿಗ್ರಿ ಕೈಗೆ ಬಂದ ಹಾಗೆ ಅಂದುಕೊಂಡಿದ್ದೆ. ಈಗ ಆಫೀಸಿನವರು, ಒಂದು ಕಡ್ಡಾಯ ಕೋರ್ಸ್ ಬಾಕಿ ಇದೆ, ಅದು ಮುಂದಿನ ಸೆಮಿಸ್ಟರಿನಲ್ಲಿ ಮಾತ್ರ ಇರುತ್ತದೆ ಅನ್ನುತ್ತಿದ್ದಾರೆ. ಪ್ರತಿ ಸಲವೂ ಕೋರ್ಸ್ ಆರಿಸುವ ನನ್ನ ಫಾರಂಗೆ ಅಡ್ವೈಸರ್, ಅಂದರೆ ಯಾವ ಕೋರ್ಸ್ ತೆಗೆದುಕೊಳ್ಳಬೇಕೆಂದು ಸಲಹೆ ಕೊಡುವ ಅಧ್ಯಾಪಕರು, ಸಹಿ ಹಾಕಿದ್ದಾರೆ. ಒಮ್ಮೆಯೂ ಏನೂ ಹೇಳಲಿಲ್ಲ. ತಪ್ಪು ಅವರದ್ದೇ ಅಲ್ವಾ?

ಉತ್ತರ: ಹೊಟ್ಟೆ ಉರಿಯುವ ವಿಷಯವೇ ಇದು. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹೌದು, ಅವರ ತಪ್ಪಿದೆ. ಯಾವ ಕೋರ್ಸ್ ಕಡ್ಡಾಯ, ಯಾವುದು ವರ್ಷಕ್ಕೆ ಒಂದೇ ಸಲ ಬರುತ್ತದೆ, ಯಾವುದಕ್ಕೆ ಮೊದಲು ಇನ್ನೊಂದನ್ನು ಮುಗಿಸಿರಬೇಕು, ಇಷ್ಟು ಗೊತ್ತಿಲ್ಲದವರು ಆ ಕುರ್ಚಿಯಲ್ಲಿ ಕೂರಬಾರದು. ಗೊತ್ತಿದ್ದೂ ನೋಡದೆ ಸಹಿ ಹಾಕಿದ್ದರೆ ಇನ್ನೂ ಕೆಟ್ಟದ್ದು.

ಈಗ ನಿಮಗೊಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಸಹಿಗಾಗಿ ಪ್ರತಿ ಸಲ ಎಷ್ಟು ಹೊತ್ತು ಅವರ ಮುಂದೆ ಕೂತಿದ್ದಿರಿ? ನಾನೂ ಕೆಲವು ವರ್ಷ ಈ ಕೆಲಸ ಮಾಡಿದವಳು. ರಿಜಿಸ್ಟ್ರೇಷನ್‌ನ ಕೊನೆಯ ದಿನ ಬಾಗಿಲಾಚೆ ಸಾಲು ನಿಂತಿರುತ್ತಿತ್ತು. ಎಷ್ಟೋ ಮಕ್ಕಳು ಫಾರಂ ಮಡಚಿ, ಸಹಿ ಹಾಕುವ ಜಾಗವಷ್ಟೇ ಮೇಲೆ ಕಾಣುವ ಹಾಗೆ ಹಿಡಿದುಕೊಂಡು ಬರುತ್ತಿದ್ದರು, ಪೆನ್ನಿನ ಕ್ಯಾಪ್ ಕೂಡ ಮೊದಲೇ ತೆಗೆದಿಟ್ಟಿರುತ್ತಿದ್ದರು. ಆ ಮಡಿಕೆ ಬಿಚ್ಚದೆ ನಾನೂ ಸಹಿ ಹಾಕಿದ್ದುಂಟು. ಹಾಗೆ ಹಾಕಿದ ಒಂದು ಫಾರಂನಲ್ಲಿ ಎರಡು ಕ್ಲಾಸ್ ಒಂದೇ ಹೊತ್ತಿಗಿದ್ದವು. ಎರಡು ವಾರ ಬಿಟ್ಟು ಹುಡುಗ ಬಂದು ನಿಂತಾಗ ಕೋರ್ಸ್ ಬದಲಾಯಿಸುವ ಗಡುವು ಮುಗಿದಿತ್ತು. ಅವನು ನನ್ನ ಮುಖ ನೋಡಿದ, ನಾನು ಅವನ ಫಾರಂ ನೋಡಿದೆ.

ಒಂದು ಹಳೇ ಕತೆ ಇದೆ. ಎಲ್ಲರೂ ಒಂದೇ ಪಾಠ ಓದುತ್ತಿದ್ದ ಕಾಲದಲ್ಲಿ ಕೋರ್ಸಿನ ಬಗ್ಗೆ ಸಲಹೆಯೇ ಬೇಕಿರಲಿಲ್ಲ, ಆರಿಸಲು ಏನೂ ಇರಲಿಲ್ಲವಲ್ಲ. 1869ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್, ವಿದ್ಯಾರ್ಥಿಗಳೇ ವಿಷಯ ಆರಿಸಿಕೊಳ್ಳುವ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದರು. ಆಯ್ಕೆ ಜಾಸ್ತಿಯಾದ ಮೇಲೆ ದಾರಿ ಹೇಳುವವರೂ ಬೇಕಾದರು. ಆಮೇಲೆ 1972ರಲ್ಲಿ ಬರ್ನ್ಸ್ ಕ್ರೂಕ್‌ಸ್ಟನ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು ಅಡ್ವೈಸರ್ ಮತ್ತು ವಿದ್ಯಾರ್ಥಿಯ ಸಂಬಂಧದಲ್ಲಿ ಎರಡು ಬಗೆ ಇದೆ ಎಂದು ಬರೆದರು. ಡಾಕ್ಟರು ಚೀಟಿ ಬರೆದ ಹಾಗೆ ಅಡ್ವೈಸರ್ ಬರೆದುಕೊಡುವುದು, ವಿದ್ಯಾರ್ಥಿ ಸುಮ್ನೆ ನುಂಗುವುದು ಒಂದು. ಇಬ್ಬರೂ ಕೂತು ಮಾತಾಡಿ ಹೊಣೆ ಹಂಚಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಒಂದು ಅನುಕೂಲ ಇದೆ ನೋಡಿ, ಎಡವಟ್ಟಾದರೆ "ನೀವೇ ಹೇಳಿದ್ದು" ಅನ್ನಬಹುದು. ನಿಮ್ಮ ವಿಷಯದಲ್ಲಿ ಅದೂ ಇಲ್ಲ. ಅವರು ಹೇಳಲೂ ಇಲ್ಲ, ನೀವು ಕೇಳಲೂ ಇಲ್ಲ.

ಇನ್ನು ಮಾಡಬೇಕಾದ್ದು. ನೀವು ಸೇರಿದ ವರ್ಷದ ನಿಯಮಗಳ ಪ್ರತಿ, ಇಲ್ಲಿಯವರೆಗಿನ ಅಂಕಪಟ್ಟಿ, ಸಹಿಯಾದ ಫಾರಂಗಳು, ಎಲ್ಲ ತೆಗೆದುಕೊಂಡು ಮೊದಲು ಅಡ್ವೈಸರ್ ಹತ್ತಿರವೇ ಹೋಗಿ, ಜಗಳ ಆಮೇಲೆ ಇದ್ದೇ ಇದೆ. ಈಗಾಗಲೇ ಮುಗಿಸಿದ ಬೇರೆ ಯಾವುದಾದರೂ ಕೋರ್ಸನ್ನು ಇದರ ಬದಲು ಒಪ್ಪುತ್ತಾರಾ, ಇದೇ ಪಾಠ ಬೇರೆ ವಿಭಾಗದಲ್ಲೋ ರಜೆಯಲ್ಲೋ ನಡೆಯುತ್ತದಾ ಎಂದು ಕೇಳಿ. ಒಂದೊಂದು ಕಾಲೇಜಿನಲ್ಲಿ ಒಂದೊಂದು ನಿಯಮ, ಆದರೆ ಕೇಳದೆ ಯಾರೂ ಕರೆದು ಕೊಡುವುದಿಲ್ಲ. ಅರ್ಜಿ ಕೊಡುವುದಾದರೆ ಅದರ ಕೆಳಗೆ "ಇದನ್ನು ನಾನೂ ಗಮನಿಸಲಿಲ್ಲ" ಎಂದು ಅವರಿಂದ ಒಂದು ಸಾಲು ಬರೆಸಿಕೊಳ್ಳಿ. ಹಿಂಜರಿಯಬೇಡಿ, ಅಷ್ಟು ಬರೆಯುವ ಹೊಣೆ ಅವರಿಗಿದೆ.

ಪ್ರಶ್ನೆ: ಅಡ್ವೈಸರ್ ಹೇಳಿದ 18 ಕ್ರೆಡಿಟ್‌ಗಳನ್ನೂ ತೆಗೆದುಕೊಂಡೆ. ಎರಡು ವಿಷಯದಲ್ಲಿ ಫೇಲ್. ನಾನು ವಾರಕ್ಕೆ 30 ಗಂಟೆ ಕೆಲಸಕ್ಕೂ ಹೋಗುತ್ತೇನೆ, ಅದು ಅವರಿಗೆ ಗೊತ್ತಿಲ್ಲ. ಹೇಳಿದರೆ ನನ್ನನ್ನು ಕೀಳಾಗಿ ನೋಡುತ್ತಾರೇನೋ ಎಂಬ ಅಳುಕು.

ಉತ್ತರ: ಒಂದು ಲೆಕ್ಕ ಮಾಡೋಣ. ಎಷ್ಟೋ ಕಡೆ ಇಟ್ಟುಕೊಳ್ಳುವ ಅಂದಾಜು ಏನೆಂದರೆ, ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಕ್ಲಾಸ್, ಹೊರಗೆ ಎರಡು ಗಂಟೆ ಓದು. 18 ಕ್ರೆಡಿಟ್ ಅಂದರೆ 54 ಗಂಟೆ. ಕೆಲಸದ 30 ಸೇರಿಸಿ, 84. ವಾರದಲ್ಲಿ ಇರುವುದೇ 168. ಸರಿಯಾಗಿ ಅರ್ಧ! ಉಳಿದ ಅರ್ಧದಲ್ಲಿ ನಿದ್ದೆ, ಊಟ, ಓಡಾಟ, ಜ್ವರ, ಎಲ್ಲ ಆಗಬೇಕು.

ಈ ಲೆಕ್ಕ ನಿಮ್ಮ ಅಡ್ವೈಸರ್‌ಗೂ ಬರುತ್ತದೆ. ಆದರೆ ಅವರ ಕೈಯಲ್ಲಿ ಆ 30 ಇರಲಿಲ್ಲ. ಅದನ್ನು ಕೊಡಬೇಕಾದವರು ನೀವು. "ಓದಿನ ಜೊತೆ ಬೇರೇನು ಮಾಡ್ತೀಯಪ್ಪಾ?" ಎಂದು ಅವರೂ ಒಂದು ಮಾತು ಕೇಳಬಹುದಿತ್ತು, ಎರಡು ಸೆಕೆಂಡಿನ ಕೆಲಸ. ಕೆಲಸ ಮಾಡಿ ಓದುವುದರಲ್ಲಿ ಕೀಳು ಏನಿದೆ ಎಂದು ನನಗಂತೂ ಅರ್ಥವಾಗಿಲ್ಲ. ಮುಂದಿನ ಸಲ ನಿಮ್ಮ ವಾರದ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಕೆಲಸದ ಗಂಟೆಗಳ ಸಮೇತ. ಎಷ್ಟು ಕ್ರೆಡಿಟ್ ಎಂಬ ಮಾತು ಆ ಹಾಳೆ ನೋಡಿದ ಮೇಲೆ ಆಗಲಿ. ಡಿಗ್ರಿ ಒಂದು ಸೆಮಿಸ್ಟರ್ ತಡವಾಗಬಹುದು. ಫೇಲಾದ ಎರಡನ್ನು ಮತ್ತೆ ಬರೆಯುವುದರಿಂದಲೂ ತಡವಾಗುವುದು ಅಷ್ಟೇ ತಾನೇ?

ಪ್ರಶ್ನೆ: ನಾನು ಹೊಸ ಲೆಕ್ಚರರ್. ನಲವತ್ತು ಮಕ್ಕಳಿಗೆ ಅಡ್ವೈಸರ್ ಮಾಡಿದ್ದಾರೆ. ಮೊನ್ನೆ ಕೋರ್ಸ್ ಕೇಳಲು ಬಂದ ಹುಡುಗಿ ಮನೆಯ ಕಷ್ಟ ಹೇಳಿಕೊಂಡು ಅತ್ತುಬಿಟ್ಟಳು. ಏನು ಮಾಡಬೇಕೋ ತೋಚಲಿಲ್ಲ. ಇದೂ ನನ್ನ ಕೆಲಸವಾ?

ಉತ್ತರ: ಕೇಳಿಸಿಕೊಳ್ಳುವುದು ನಿಮ್ಮ ಕೆಲಸ. ಬಿಡಿಸುವುದು ನಿಮ್ಮಿಂದಾಗದು, ಆಗುತ್ತದೆ ಎಂದು ಮಾತು ಕೊಡಲೂ ಬೇಡಿ. ಕಾಲೇಜಿನಲ್ಲಿ ಕೌನ್ಸೆಲರ್ ಇದ್ದರೆ ಆ ಹುಡುಗಿಯನ್ನು ಕೇಳಿಕೊಂಡು, ಒಪ್ಪಿದರೆ, ಆ ಕೋಣೆಯ ತನಕ ಜೊತೆಯಲ್ಲೇ ನಡೆದುಕೊಂಡು ಹೋಗಿ. ಚೀಟಿಯಲ್ಲಿ ನಂಬರ್ ಬರೆದುಕೊಟ್ಟರೆ ಅದು ಬ್ಯಾಗಿನ ತಳದಲ್ಲೇ ಉಳಿಯುತ್ತದೆ. ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಬೇಡಿ. ಜೀವಕ್ಕೆ ಅಪಾಯ ಎನ್ನಿಸಿದರೆ ಮಾತ್ರ ಗುಟ್ಟು ಅಂತ ಕಾಯದೆ ತಕ್ಷಣ ಮೇಲಿನವರಿಗೆ ತಿಳಿಸಿ. ಒಂದು ವಾರ ಬಿಟ್ಟು ಅವಳನ್ನು ನೀವೇ ಕರೆಯಿರಿ. ಕೇಳಲು ಬಂದಿದ್ದ ಕೋರ್ಸಿನ ವಿಷಯ ಇನ್ನೂ ಹಾಗೇ ಉಳಿದಿರುತ್ತದೆ, ಗಡುವು ಯಾವತ್ತು ಅಂತ ಮೊದಲೇ ನೋಡಿಟ್ಟುಕೊಳ್ಳಿ.